ಮೊಲದ ಕೊಂಬು

ಹಸಿವನ್ನು ಗೆದ್ದ ಮಹನೀಯರು ಲೋಕದಲ್ಲಿ ಎಲ್ಲಾದರೂ ಇರಬಹುದು. ಆದರೆ ಅವರು ಬೆಂಗಳೂರಿನ ವಿಶ್ವೇಶ್ವರಪುರದಲ್ಲಿ ಮನೆ ಮಾಡಿರಲಾರರು. ಸಂಜೆ ದೀಪ ಹತ್ತುವ ಹೊತ್ತಿಗೆ ಸಜ್ಜನರಾವ್ ವೃತ್ತದ ಬಳಿಯ ಕಿರಿದಾದ ಬೀದಿಯೊಂದರಲ್ಲಿ ಕಾವಲಿಗಳು ಚುರುಗುಟ್ಟತೊಡಗುತ್ತವೆ. ಒಂದು ಅಂಗಡಿಯಲ್ಲಿ ಅಕ್ಕಿರೊಟ್ಟಿ, ಪಕ್ಕದಲ್ಲಿ ಪಡ್ಡು, ಅದರಾಚೆ ತಟ್ಟೆ ಇಡ್ಲಿ. ತುಪ್ಪ ಸವರಿದ ಹೋಳಿಗೆಯ ಕಂಪು ಇವೆಲ್ಲವನ್ನೂ ಹಿಂದಿಕ್ಕಿ ಬೀದಿಯ ತಿರುವಿನವರೆಗೂ ಬಂದು ದಾರಿಹೋಕರನ್ನು ಎದುರುಗೊಳ್ಳುತ್ತದೆ. ಚಳಿ ಬಿದ್ದಿತೆಂದರೆ ಅವರೆಕಾಯಿಯ ಸೊಗಡು. ಇಲ್ಲಿಯೇ ಬೆಳೆದ ಅವರೆಕಾಯಿ ಮೇಳವು ಬೀದಿಯಲ್ಲಿ ಜನ ಹಿಡಿಸಲಾರದೆ 2023ರಲ್ಲಿ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ಹೋಯಿತು. ಊರಿನವರೆಲ್ಲ ‘ತಿಂಡಿ ಬೀದಿ’ ಎಂದು ಕರೆಯುವ ಈ ತಾಣಕ್ಕೆ ಹಸಿದವರು ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಹಸಿಯದೆ ಬಂದವರೂ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಸಿದವರಾಗುತ್ತಾರೆ.

ಇಂತಹ ಬಡಾವಣೆಯ ಮನೆಯೊಂದರಲ್ಲಿ, ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕಕ್ಕೆ ಒಂದು ಬಿಳಿಯ ಡಬ್ಬಿ ಬಂದು ಕುಳಿತಿತು. ಅದರೊಳಗೆ ಇದ್ದುದು ಹಸಿವನ್ನು ಅಡಗಿಸುವ ಗುಳಿಗೆಗಳು. ತಂದವರು ಮನೆಯ ಹಿರಿಯ ಮಗ. ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಮನೆಯ ಮಕ್ಕಳಿಗೆ ದೊಡ್ಡಪ್ಪ. ಊಟ ಮಿತವಾಗಿರಲಿ, ದಿನವೂ ಲಾಲ್‌ಬಾಗಿನಲ್ಲಿ ಒಂದು ಗಂಟೆ ನಡೆಯಿರಿ ಎಂದು ವೈದ್ಯರು ಅವರ ಹೊಟ್ಟೆಯ ಸುತ್ತಳತೆಯನ್ನು ನೋಡಿ ಹೇಳಿದ್ದರು. ಆ ಎರಡು ಮಾತುಗಳಿಗಿಂತ ಸಹೋದ್ಯೋಗಿಯೊಬ್ಬರು ಹೇಳಿದ ಗುಳಿಗೆಯ ಮಾತು ಅವರಿಗೆ ಹೆಚ್ಚು ಹಿತವಾಗಿ ಕೇಳಿಸಿತು. ರಾತ್ರಿಯ ಊಟಕ್ಕೆ ಅರ್ಧ ಗಂಟೆ ಮೊದಲು ಒಂದು ಲೋಟ ನೀರಿನೊಂದಿಗೆ ಗುಳಿಗೆಯನ್ನು ನುಂಗುವರು. ಆ ಅರ್ಧ ಗಂಟೆಯನ್ನು ಕಳೆಯಲೆಂದು ತಿಂಡಿ ಬೀದಿಯ ಕಡೆಗೆ ಒಂದು ಸುತ್ತು ಹೋಗಿಬರುವರು. ಗುಳಿಗೆಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಯಾವ ವಿಜ್ಞಾನಿಯೂ ಒಡ್ಡಿರಲಾರನು.

ಕಾಲ ಹೇಗೆ ತಿರುಗಿಬಿಟ್ಟಿದೆ ಎಂಬುದನ್ನು ಆ ಡಬ್ಬಿಯನ್ನು ನೋಡಿ ತಿಳಿಯಬಹುದು. ಹಿಂದೆ ಜನ ಪಂಡಿತರ ಬಳಿಗೆ ಹೋಗುತ್ತಿದ್ದುದು ಹಸಿವೆಯೇ ಆಗುತ್ತಿಲ್ಲವೆಂದು ಹೇಳಿಕೊಳ್ಳಲು. ಅದಕ್ಕೆ ಅಗ್ನಿಮಾಂದ್ಯವೆಂದು ಹೆಸರು. ಶುಂಠಿ, ಜೀರಿಗೆ, ಹಿಪ್ಪಲಿಗಳನ್ನು ಕೂಡಿಸಿ ಹೊಟ್ಟೆಯೊಳಗಿನ ಬೆಂಕಿಯನ್ನು ಮತ್ತೆ ಹೊತ್ತಿಸುವುದು ಪಂಡಿತರ ಕೆಲಸವಾಗಿತ್ತು. ಹೊತ್ತಿದ ಬೆಂಕಿಯನ್ನು ಹಣ ಕೊಟ್ಟು ಆರಿಸಿಕೊಳ್ಳುವವರನ್ನು ಕಂಡಿದ್ದರೆ ಅವರು ಬೆರಗಾಗುತ್ತಿದ್ದರು.

ಡಬ್ಬಿಯ ಮೇಲೆ ಒಂದು ಗಿಡದ ಚಿತ್ರವಿತ್ತು. ಮನೆಯ ಅಜ್ಜಿ ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳನ್ನು ಕರೆದರು.

“ಇದೇನು ಬರೆದಿದೆ ನೋಡೇ.”

“ಕ್ಯಾರಲ್ಯೂಮಾ ಫಿಂಬ್ರಿಯೇಟಾ ಅಂತ ಇದೆ ಅಜ್ಜಿ.”

“ಅದೆಂಥ ಹೆಸರೋ! ಇದು ಕುಂದೇಟಿ ಕೊಮ್ಮುಲು ಕಣೇ. ನಮ್ಮೂರ ಗುಡ್ಡದ ಮೇಲೆ ಬೇಕಾದಷ್ಟಿತ್ತು. ಇದನ್ನೂ ದುಡ್ಡು ಕೊಟ್ಟು ತರುತ್ತಾರೆಯೆ?”

ಅಜ್ಜಿಯ ತವರು ತುಮಕೂರು ಜಿಲ್ಲೆಯ ಪಾವಗಡದ ಕಡೆ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದಿರುವ, ಮಳೆ ಕಡಿಮೆಯಾದ, ಕಲ್ಲುಗುಡ್ಡಗಳ ಸೀಮೆ ಅದು. ಅಲ್ಲಿಯ ಜನ ಒಂದೇ ಮಾತಿನಲ್ಲಿ ಕನ್ನಡವನ್ನೂ ತೆಲುಗನ್ನೂ ಬೆರೆಸಿ ಆಡುತ್ತಾರೆ. ‘ಕುಂದೇಲು’ ಎಂದರೆ ತೆಲುಗಿನಲ್ಲಿ ಮೊಲ. ‘ಕೊಮ್ಮುಲು’ ಎಂದರೆ ಕೊಂಬುಗಳು. ಮೊಲದ ಕೊಂಬು! ನಮ್ಮ ತರ್ಕಶಾಸ್ತ್ರದವರು ಲೋಕದಲ್ಲಿ ಇಲ್ಲವೇ ಇಲ್ಲದ ವಸ್ತುವಿಗೆ ಉದಾಹರಣೆ ಕೊಡಬೇಕಾದಾಗ ಆಕಾಶಪುಷ್ಪದ ಜೊತೆಗೆ ಹೇಳುವುದು ಮೊಲದ ಕೊಂಬನ್ನೇ. ಸಸ್ಯಗ್ರಂಥಗಳಲ್ಲಿ ಈ ಗಿಡಕ್ಕೆ ಕೊಟ್ಟಿರುವ ಕನ್ನಡದ ಹೆಸರು ‘ಮಂಗನ ಕೋಡು’. ಅದೂ ಯಾರೂ ಕಂಡರಿಯದ ವಸ್ತುವೇ. ಆದರೆ ಹಳ್ಳಿಗರು ಸುಮ್ಮನೆ ಹೆಸರಿಟ್ಟವರಲ್ಲ. ಈ ಗಿಡದ ಕಾಯಿಗಳು ಜೋಡಿಯಾಗಿ, ನೀಳವಾಗಿ, ತುದಿ ಚೂಪಾಗಿ, ಎರಡು ಪುಟ್ಟ ಕೊಂಬುಗಳಂತೆ ಮೇಲೇಳುತ್ತವೆ. ಒಣಗಿ ಬಿರಿದಾಗ ರೇಷ್ಮೆಯ ಎಳೆಗಳನ್ನು ತಲೆಗೆ ಕಟ್ಟಿಕೊಂಡ ಬೀಜಗಳು ಗಾಳಿಯಲ್ಲಿ ತೇಲಿಹೋಗುತ್ತವೆ.

ನೋಡಿದವರು ಇದನ್ನು ಕಳ್ಳಿಯ ಜಾತಿಯೆಂದು ತಿಳಿಯುವುದು ಸಹಜ. ಒಂದು ಅಡಿಯಷ್ಟು ಎತ್ತರ. ಬೂದು ಬೆರೆತ ಹಸಿರು ಬಣ್ಣದ, ನಾಲ್ಕು ಏಣುಗಳ ತಿರುಳುಗಡ್ಡಿಗಳು. ಎಲೆಗಳು ಹೆಸರಿಗೆ ಮಾತ್ರ. ಆದರೆ ಬೇಲಿಯ ಕಳ್ಳಿಯಾಗಲಿ ಅಮೆರಿಕದಿಂದ ಬಂದು ನಮ್ಮಲ್ಲಿ ನೆಲೆಸಿದ ಪಾಪಾಸುಕಳ್ಳಿಯಾಗಲಿ ಇದಕ್ಕೆ ನೆಂಟರಲ್ಲ. ಇದರ ನೆಂಟಸ್ತಿಕೆ ಎಕ್ಕದ ಗಿಡದೊಂದಿಗೆ, ಸೊಗದೆ ಬೇರಿನೊಂದಿಗೆ. ಈ ಭೇದವನ್ನು ತಿಳಿಯದೆ ಕಂಡ ಕಂಡ ಕಡ್ಡಿಯನ್ನು ಮುರಿಯುವುದು ಒಳ್ಳೆಯದಲ್ಲ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಕ್ಯಾರಲ್ಯೂಮಾದ ಹೂಗಳು ಕಂದುಗೆಂಪಾಗಿ ಕಡ್ಡಿಯ ತುದಿಯಲ್ಲಿ ಜೋಲುತ್ತವೆ. ದಳಗಳ ಅಂಚಿನಲ್ಲಿ ನವಿರಾದ ಕುಚ್ಚು. ‘ಫಿಂಬ್ರಿಯೇಟಾ’ ಎಂಬ ಲ್ಯಾಟಿನ್ ಪದಕ್ಕೆ ಕುಚ್ಚುಳ್ಳದ್ದು ಎಂದೇ ಅರ್ಥ. ‘ಕ್ಯಾರಲ್ಯೂಮಾ’ ಎಂಬುದಂತೂ ಲ್ಯಾಟಿನ್ ಅಲ್ಲವೇ ಅಲ್ಲ. 1795ರಲ್ಲಿ ಕೋರಮಂಡಲ ತೀರದ ಸಸ್ಯಗಳನ್ನು ಕುರಿತು ಪುಸ್ತಕ ಹೊರತಂದ ವಿಲಿಯಂ ರಾಕ್ಸ್‌ಬರೋ, ತೆಲುಗರು ಆಡುತ್ತಿದ್ದ ‘ಕಾರಲ್ಲಂ’ ಎಂಬ ಹೆಸರನ್ನು ಕಿವಿಗೆ ಬಿದ್ದಂತೆ ಬರೆದುಕೊಂಡನು; ಮುಂದೆ ಅದೇ ಈ ಕುಲಕ್ಕೆಲ್ಲ ಹೆಸರಾಯಿತು. ಡಬ್ಬಿಯ ಮೇಲಿನ ಪರಭಾಷೆಯ ಹೆಸರನ್ನು ನೋಡಿ ಅಜ್ಜಿ ನಕ್ಕರು. ಅದು ಅವರ ತವರಿನ ನೆರೆಹೊರೆಯದೇ ಮಾತು ಎಂಬುದು ಅವರಿಗೆ ತಿಳಿದಿರಲಿಲ್ಲ.

ನೀರಿಲ್ಲದ ಬಂಡೆಯ ಸಂದಿನಲ್ಲಿ ಇದು ಬದುಕುವ ಬಗೆಯೂ ಸೋಜಿಗದ್ದು. ಬೇರೆ ಗಿಡಗಳು ಹಗಲಿನಲ್ಲಿ ಉಸಿರುರಂಧ್ರಗಳನ್ನು ತೆರೆದು ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ. ಹಾಗೆ ತೆರೆದಾಗ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಈ ಬಗೆಯ ಗಿಡಗಳು ಬಿಸಿಲಿರುವಷ್ಟು ಹೊತ್ತೂ ಬಾಗಿಲು ಮುಚ್ಚಿಕೊಂಡು, ರಾತ್ರಿ ತಂಪಾದ ಮೇಲೆ ತೆರೆಯುತ್ತವೆ. ಇರುಳಿನಲ್ಲಿ ಎಳೆದುಕೊಂಡ ಇಂಗಾಲಾಮ್ಲವನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಂಡು, ಮರುದಿನ ಬಿಸಿಲಿನಲ್ಲಿ ಅದರಿಂದ ಅಡುಗೆ ಮಾಡಿಕೊಳ್ಳುತ್ತವೆ. ಆದ್ದರಿಂದ ಇಂತಹ ಗಿಡಗಳು ಬೆಳಿಗ್ಗೆ ಹುಳಿ, ಸಂಜೆಗೆ ಸಪ್ಪೆ. ಇದನ್ನು ನಾಲಗೆಯಿಂದಲೇ ಕಂಡುಹಿಡಿದು ಜಗತ್ತಿಗೆ ತಿಳಿಸಿದವರಲ್ಲಿ ಬೆಂಜಮಿನ್ ಹೇಯ್ನ್ ಒಬ್ಬನು. ಟಿಪ್ಪುವಿನ ಕಾಲ ಮುಗಿದ ಮೇಲೆ ಕೆಲವು ವರ್ಷ ನಮ್ಮ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಸಸ್ಯವಿಜ್ಞಾನಿ ಅವನು. ಕಾಡುಬಸಳೆಯ ಎಲೆ ಮುಂಜಾನೆ ಹುಳಿಯಾಗಿಯೂ ಮಧ್ಯಾಹ್ನ ರುಚಿಯಿಲ್ಲದೆಯೂ ಇರುವುದನ್ನು ಅವನು ಬರೆದು ಕಳುಹಿಸಿದ್ದು 1815ರಲ್ಲಿ ಲಂಡನ್ನಿನ ಲಿನಿಯನ್ ಸಂಘದ ಸಂಪುಟದಲ್ಲಿ ಅಚ್ಚಾಯಿತು. ದಿನಕ್ಕೆ ಮೂರು ಸಲ ಎಲೆ ಅಗಿದು ನೋಡುವ ತಾಳ್ಮೆಯಿದ್ದವನಿಗೆ ಪ್ರಯೋಗಶಾಲೆಯ ಕೊರತೆ ಅಡ್ಡಿಯಾಗಲಿಲ್ಲ.

ಅಜ್ಜಿಯ ತಂದೆ ಹಳ್ಳಿಯ ಶಾಲೆಯ ಉಪಾಧ್ಯಾಯರು. ಕುರಿ ಕಾಯುವ ಹುಡುಗರ ಹಿಂದೆ ಗುಡ್ಡ ಸುತ್ತುವುದು ಹುಡುಗಿಗೆ ನಿಷೇಧ, ಆದ್ದರಿಂದಲೇ ಸುತ್ತಿದ್ದಳು. ಮುದ್ದೆ ಉಂಡು ಬೆಳಿಗ್ಗೆ ಹೊರಟ ಹುಡುಗರಿಗೆ ಮತ್ತೆ ಅನ್ನದ ಮುಖ ಕಾಣುವುದು ದೀಪ ಹಚ್ಚಿದ ಮೇಲೆಯೇ. ಮಧ್ಯಾಹ್ನ ಹೊಟ್ಟೆ ಕೂಗತೊಡಗಿದರೆ ಮುಳ್ಳುಪೊದೆಯ ಬುಡದಲ್ಲಿ ತಡಕಿ ಒಂದು ಬೆರಳುದ್ದ ಕಡ್ಡಿ ಮುರಿಯುವರು. ಸಿಪ್ಪೆಯನ್ನು ಉಗುರಿನಿಂದ ಸುಲಿದು ಅಗಿಯುವರು. ಮೊದಲು ಹುಳಿ, ಆಮೇಲೆ ಕಹಿ. ಹುಡುಗಿಗೂ ಒಂದು ತುಂಡು ಕೊಟ್ಟಿದ್ದರು. ಅವಳು ಮುಖ ಕಿವಿಚಿಕೊಂಡಾಗ ಅವರಲ್ಲಿ ದೊಡ್ಡವನೊಬ್ಬ ಹೇಳಿದ ಮಾತನ್ನು ಅಜ್ಜಿ ಎಪ್ಪತ್ತು ವರ್ಷವಾದರೂ ಮರೆತಿರಲಿಲ್ಲ: “ಇದು ಊಟ ಅಲ್ಲಮ್ಮ. ಹೊಟ್ಟೆಗೆ ಒಂದು ಸುಳ್ಳು ಹೇಳೋದು. ಹಟ್ಟಿ ಮುಟ್ಟೋವರೆಗೆ ಸಾಕು.”

ಆ ಸೀಮೆಯ ಜನಕ್ಕೆ ಹೊಟ್ಟೆಗೆ ಸುಳ್ಳು ಹೇಳಬೇಕಾದ ದಿನಗಳು ಕಡಿಮೆಯೇನೂ ಇರಲಿಲ್ಲ. ಧಾತು, ಈಶ್ವರ ಎಂಬ ಸಂವತ್ಸರಗಳ ಬರವನ್ನು, ಅಂದರೆ 1876ರಿಂದ 1878ರವರೆಗಿನ ಬರವನ್ನು ಮೈಸೂರು ಸೀಮೆಯ ಮುದುಕರು ತಮ್ಮ ಮೊಮ್ಮಕ್ಕಳಿಗೂ ಹೇಳಿಹೋದರು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಅಂತಹ ಕಾಲದಲ್ಲಿ ಜನ ಬಾಯಿಗಿಡುತ್ತಿದ್ದ ಸೊಪ್ಪು, ಬೇರು, ಕಡ್ಡಿಗಳ ಪಟ್ಟಿಯಲ್ಲಿ ಸಸ್ಯವಿಜ್ಞಾನಿಗಳು ಕ್ಯಾರಲ್ಯೂಮಾವನ್ನೂ ಸೇರಿಸುತ್ತಾರೆ. ಅಜ್ಜಿ ಮದುವೆಯಾಗಿ ವಿಶ್ವೇಶ್ವರಪುರಕ್ಕೆ ಬಂದ 1965ನೆಯ ವರ್ಷವೂ ಮಳೆಯಿಲ್ಲದ ವರ್ಷ, ಮೇಲೆ ಯುದ್ಧ. ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ದೇಶವನ್ನು ಕೇಳಿಕೊಂಡಾಗ, ಈ ಮನೆಯಲ್ಲಿಯೂ ಸೋಮವಾರ ರಾತ್ರಿ ಒಲೆ ಹಚ್ಚಲಿಲ್ಲ. ಏಕಾದಶಿಯ ಉಪವಾಸ ಬಲ್ಲ ಮನೆಗೆ ಅದು ಕಷ್ಟವೆನಿಸಲಿಲ್ಲವಂತೆ. “ಹಸಿವು ಆಗುತ್ತಿತ್ತು. ಆಗಲಿ ಅಂತ ಬಿಟ್ಟಿದ್ದೆವು,” ಎಂದು ಅಜ್ಜಿ ಹೇಳುವರು. ಹಸಿವನ್ನು ಕೊಲ್ಲುವುದಕ್ಕೂ ಹಸಿವಿನ ಜೊತೆ ಒಂದು ರಾತ್ರಿ ಸುಮ್ಮನೆ ಕುಳಿತಿರುವುದಕ್ಕೂ ಅವರ ಮಟ್ಟಿಗೆ ವ್ಯತ್ಯಾಸವಿತ್ತು.

ಇತ್ತ ಡಬ್ಬಿಯಲ್ಲಿ ಒಂದು ವ್ಯತ್ಯಾಸ ಕಂಡುಬಂತು. ದೊಡ್ಡಪ್ಪ ಲೆಕ್ಕಪತ್ರದವರಾದ್ದರಿಂದ ಗುಳಿಗೆಗಳನ್ನು ಎಣಿಸಿಯೇ ಇಟ್ಟಿದ್ದರು. ನಾಲ್ಕು ಕಡಿಮೆ ಬಂದವು. ಒಂದು ಸಲ ಎಣಿಸಿದರು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಎಣಿಸಿದರು, ನಾಲ್ಕೇ. ಅವರು ಬಾಯಿ ತೆರೆಯುವ ಮೊದಲೇ ಅಜ್ಜಿಯ ಕಣ್ಣು ಮೊಮ್ಮಗಳ ಮುಖದ ಮೇಲಿತ್ತು. ನಾಲ್ಕು ದಿನಗಳಿಂದ ಅವಳು ಬೆಳಗಿನ ತಿಂಡಿಯ ತಟ್ಟೆಯನ್ನು ಅತ್ತಿತ್ತ ಸರಿಸಿ ಎದ್ದುಹೋಗುತ್ತಿದ್ದುದನ್ನು ಅವರು ಗಮನಿಸಿದ್ದರು.

ಶಾಲೆಯಲ್ಲಿ ಯಾರೋ ಅವಳನ್ನು ‘ಡುಮ್ಮಿ’ ಎಂದಿದ್ದರು. ಯಾರು, ಏಕೆ ಎಂಬುದನ್ನು ಕಟ್ಟಿಕೊಂಡು ಪ್ರಯೋಜನವಿಲ್ಲ. ಹದಿನಾಲ್ಕು ವರ್ಷದವರಿಗೆ ಅಂತಹ ಒಂದು ಮಾತು ಎಷ್ಟು ದಿನ ಕಿವಿಯಲ್ಲಿ ಉಳಿಯುತ್ತದೆ ಎಂಬುದನ್ನು ಆ ವಯಸ್ಸನ್ನು ದಾಟಿದವರೆಲ್ಲ ಬಲ್ಲರು. “ಹಸಿವೇ ಆಗಲಿಲ್ಲ ಅಜ್ಜಿ, ನಿಜವಾಗಿಯೂ,” ಎಂದು ಅವಳು ಮೊದಲು ಹೇಳಿದಳು. ಇನ್ನಷ್ಟು ಕೇಳಿದಾಗ, ಮೂರನೆಯ ದಿನ ಗಣಿತದ ತರಗತಿಯಲ್ಲಿ ಕಪ್ಪುಹಲಗೆಯ ಅಂಕಿಗಳು ಈಜಾಡಿದಂತೆ ಕಂಡವೆಂದೂ, ಪಕ್ಕದವಳ ಡಬ್ಬಿಯ ಚಿತ್ರಾನ್ನದ ವಾಸನೆಗೆ ಕಣ್ಣಲ್ಲಿ ನೀರು ಬಂದಿತೆಂದೂ ಒಪ್ಪಿಕೊಂಡಳು. ಹಾಗಾದರೆ ಹಸಿವಾಗಲಿಲ್ಲ ಎಂಬುದು ಸುಳ್ಳೆ? ಅದೂ ಅಲ್ಲ. ಗುಳಿಗೆ ನುಂಗಿದ್ದೇನೆ, ಹಸಿವಾಗಬಾರದು ಎಂದು ಅವಳು ಕಾಯುತ್ತಿದ್ದಳು. ಕಾಯುವವರ ಹೊಟ್ಟೆ ಅವರ ಮನಸ್ಸಿನ ಮಾತನ್ನು ತಕ್ಕಮಟ್ಟಿಗೆ ಕೇಳುತ್ತದೆ.

ಈ ತೊಡಕನ್ನು ಬಲ್ಲುದರಿಂದಲೇ ವಿಜ್ಞಾನಿಗಳು ಒಬ್ಬರ ಹೇಳಿಕೆಯನ್ನು ನಂಬಿ ಕೂಡುವುದಿಲ್ಲ. ಇದೇ ಗಿಡದ ಸಾರವನ್ನು ಬೆಂಗಳೂರಿನಲ್ಲಿಯೇ, ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಪರೀಕ್ಷಿಸಲಾಗಿದೆ. ರೆಬೆಕ್ಕಾ ಕುರಿಯನ್, ಅನುರಾ ಕುರ್ಪಡ್ ಮೊದಲಾದವರ ಆ ವರದಿ 2007ರಲ್ಲಿ ಪ್ರಕಟವಾಯಿತು. ತೂಕ ಹೆಚ್ಚಿದ್ದ 50 ಮಂದಿ ವಯಸ್ಕ ಗಂಡಸರು, ಹೆಂಗಸರು ಅದರಲ್ಲಿ ಪಾಲ್ಗೊಂಡರು. ಕೆಲವರಿಗೆ ದಿನಕ್ಕೆ ಒಂದು ಗ್ರಾಂ ಸಾರ. ಉಳಿದವರಿಗೆ ಸಾರವೇ ಇಲ್ಲದ ಹುಸಿ ಗುಳಿಗೆ. ಊಟ, ವ್ಯಾಯಾಮಗಳ ಬಗ್ಗೆ ಎಲ್ಲರಿಗೂ ಒಂದೇ ಬುದ್ಧಿಮಾತು. 60 ದಿನಗಳಾದ ಮೇಲೆ ಅಳೆದು ನೋಡಿದರು. ಸಾರ ಸೇವಿಸಿದವರಲ್ಲಿ ಸೊಂಟದ ಸುತ್ತಳತೆ ಕಡಿಮೆಯಾಗಿತ್ತು, ತಮಗೆ ಹಸಿವು ತಗ್ಗಿದೆ ಎಂದು ಅವರು ಹೇಳಿಕೊಂಡರು. ಹುಸಿ ಗುಳಿಗೆಯವರಿಗೆ ಹೋಲಿಸಿದಾಗ ಈ ಎರಡು ವ್ಯತ್ಯಾಸಗಳೂ ಆಕಸ್ಮಿಕವೆನ್ನಲಾಗದಷ್ಟು ಸ್ಪಷ್ಟವಾಗಿದ್ದವು. ಆದರೆ ದೇಹದ ತೂಕದಲ್ಲಾಗಲಿ, ಕೊಬ್ಬಿನಲ್ಲಾಗಲಿ, ತಿಂದ ಆಹಾರದ ಪ್ರಮಾಣದಲ್ಲಾಗಲಿ ಎರಡು ಗುಂಪುಗಳ ನಡುವೆ ಹಾಗೆ ಹೇಳಬಹುದಾದ ಅಂತರ ಕಾಣಲಿಲ್ಲ. ಜಾಹೀರಾತಿನವರು ಮೊದಲ ವಾಕ್ಯವನ್ನು ಮಾತ್ರ ಓದುತ್ತಾರೆ. ಎರಡನ್ನೂ ಓದುವವರಿಗೆ, ಗಿಡದಲ್ಲಿ ಏನೋ ಇದೆ, ಆದರೆ ಅಂಗಡಿಯವನು ಹೇಳುವಷ್ಟಿಲ್ಲ ಎಂದು ತಿಳಿಯುತ್ತದೆ. ಆ ‘ಏನೋ’ ಯಾವುದೆಂಬುದೂ ಪೂರ್ತಿ ಇತ್ಯರ್ಥವಾಗಿಲ್ಲ. ಕಡ್ಡಿಯ ಕಹಿಗೆ ಕಾರಣವಾದ ಗ್ಲೈಕೊಸೈಡುಗಳೆಂಬ ವಸ್ತುಗಳು ಮೆದುಳಿನ ಹಸಿವಿನ ಕೇಂದ್ರಕ್ಕೆ ಹೊಟ್ಟೆ ತುಂಬಿದೆಯೆಂಬ ಸುಳಿವು ಕೊಡುತ್ತವೆ ಎಂಬುದು ಒಂದು ಊಹೆ. ಕುರಿಗಾಹಿ ಹುಡುಗ ಸುಳ್ಳು ಎಂದಿದ್ದುದೂ ಇದನ್ನೇ.

ಸುಳ್ಳಿನ ವ್ಯಾಪಾರ ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಈ ಗಿಡದ ದೂರದ ದಾಯಾದಿಯೊಂದರ ಕಥೆಯಿದೆ. ಆಫ್ರಿಕದ ದಕ್ಷಿಣ ಭಾಗದಲ್ಲಿ ಕಲಹರಿ ಎಂಬ ಮರುಭೂಮಿ. ಅಲ್ಲಿ ಸಾನ್ ಎಂಬ ಬೇಟೆಗಾರ ಜನ ತಲೆತಲಾಂತರದಿಂದ ಬಾಳಿದ್ದಾರೆ. ದಿನಗಟ್ಟಲೆ ಬೇಟೆಯ ಜಾಡು ಹಿಡಿದು ಹೋಗುವಾಗ ಹಸಿವು ನೀರಡಿಕೆಗಳನ್ನು ತಡೆಯಲು ಅವರು ಹೂಡಿಯಾ ಎಂಬ ಗಿಡದ ತಿರುಳನ್ನು ಅಗಿಯುತ್ತಿದ್ದರು. ದಕ್ಷಿಣ ಆಫ್ರಿಕದ ಸರ್ಕಾರಿ ವಿಜ್ಞಾನ ಸಂಸ್ಥೆಯು 1960ರ ದಶಕದಲ್ಲಿ ಕಾಡಿನ ಆಹಾರಗಳನ್ನು ಪರೀಕ್ಷಿಸುವಾಗ ಇದನ್ನೂ ತೆಗೆದುಕೊಂಡಿತು. ಹಸಿವಡಗಿಸುವ ಅಂಶವನ್ನು ಬೇರ್ಪಡಿಸಿ 1990ರ ದಶಕದಲ್ಲಿ ಹಕ್ಕುಸ್ವಾಮ್ಯ ಪಡೆಯಿತು. ಅದನ್ನು ಇಂಗ್ಲೆಂಡಿನ ಫೈಟೊಫಾರ್ಮ್ ಎಂಬ ಕಂಪನಿಗೆ ವಹಿಸಿತು. ಗಿಡದ ಗುಣವನ್ನು ಮೊದಲು ಅರಿತವರನ್ನು ಯಾರೂ ಕೇಳಲಿಲ್ಲ. ಆ ಜನಾಂಗ ಅಳಿದೇ ಹೋಗಿದೆಯೆಂದು ಕಂಪನಿಯವರು ಭಾವಿಸಿದ್ದರಂತೆ! ಸಾನ್ ಜನ ಅಂದಾಜು ಒಂದು ಲಕ್ಷ ಮಂದಿ ಬದುಕಿದ್ದರು, ತಮ್ಮ ಹಕ್ಕನ್ನು ಕೇಳಿದರು. 2003ರ ಮಾರ್ಚಿಯಲ್ಲಿ ಒಪ್ಪಂದವಾಗಿ, ವಿಜ್ಞಾನ ಸಂಸ್ಥೆಗೆ ಬರುವ ಗೌರವಧನದಲ್ಲಿ ನೂರಕ್ಕೆ ಆರು ಪಾಲು ಅವರಿಗೆಂದು ನಿಶ್ಚಯವಾಯಿತು.

ಆದರೆ ಪಾಲು ಬರುವುದು ಮಾರಾಟವಾದರಲ್ಲವೆ? ಮೊದಲು ಫೈಜರ್ ಕಂಪನಿ ಕೈಹಾಕಿ 2003ರಲ್ಲಿ ಕೈಬಿಟ್ಟಿತು. ಆಮೇಲೆ ಬಂದ ಯೂನಿಲಿವರ್ 2008ರಲ್ಲಿ ಹಿಂದೆ ಸರಿಯಿತು. ಏಕೆಂಬುದು 2011ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿಯಿತು. 49 ಮಂದಿ ಮಹಿಳೆಯರು 15 ದಿನ ಭಾಗವಹಿಸಿದ ಆ ಪರೀಕ್ಷೆಯಲ್ಲಿ ಹೂಡಿಯಾ ಸೇವಿಸಿದವರು ಹುಸಿಮದ್ದಿನವರಿಗಿಂತ ಕಡಿಮೆಯೇನೂ ಉಣ್ಣಲಿಲ್ಲ, ಅವರ ತೂಕವೂ ಹೆಚ್ಚು ಇಳಿಯಲಿಲ್ಲ. ಬದಲಿಗೆ ಓಕರಿಕೆ ಬಂತು, ರಕ್ತದ ಒತ್ತಡವೂ ನಾಡಿಯ ಬಡಿತವೂ ಏರಿದವು. ಅಷ್ಟರಲ್ಲಿ ಅಮೆರಿಕದ ಅಂಗಡಿಗಳಲ್ಲಿ ಹೂಡಿಯಾ ಹೆಸರಿನ ಗುಳಿಗೆಗಳು ರಾಶಿರಾಶಿಯಾಗಿ ಮಾರಾಟವಾಗಿದ್ದವು. ಪರೀಕ್ಷಿಸಿದಾಗ ಹಲವು ಗುಳಿಗೆಗಳಲ್ಲಿ ಹೂಡಿಯಾವೇ ಇರಲಿಲ್ಲ. ಇತ್ತ ಮರುಭೂಮಿಯಲ್ಲಿ ಗಿಡಗಳನ್ನು ಬುಡಸಹಿತ ಕೀಳುವವರು ಹೆಚ್ಚಿದ್ದರಿಂದ ಅದನ್ನು ಅಂತರರಾಷ್ಟ್ರೀಯ ಸಂರಕ್ಷಣೆಯ ಪಟ್ಟಿಗೆ ಸೇರಿಸಬೇಕಾಯಿತು. ಹಸಿದವನ ಗಿಡವನ್ನು ಉಂಡವನ ಮೇಜಿಗೆ ತಂದವರಿಗೆ ದಕ್ಕಿದ್ದು ಇಷ್ಟು.

ಹಾಗೆಂದು ಹಸಿವಡಗಿಸುವ ಮದ್ದನ್ನು ಹುಡುಕುವುದೇ ವ್ಯರ್ಥವೆನ್ನುವಂತಿಲ್ಲ. ಪ್ರಾಡರ್–ವಿಲ್ಲಿ ಎಂಬ ಹುಟ್ಟುರೋಗವೊಂದಿದೆ. ಅದಿರುವ ಮಕ್ಕಳಿಗೆ ಎಷ್ಟು ಉಂಡರೂ ಹೊಟ್ಟೆ ತುಂಬಿತೆಂಬ ಭಾವನೆ ಬರುವುದಿಲ್ಲ. ನಿದ್ದೆಯಿಂದೆದ್ದು ಆಹಾರ ಹುಡುಕುತ್ತಾರೆ. ಹೆತ್ತವರು ಅಡುಗೆಮನೆಗೆ ಬೀಗ ಹಾಕಿಕೊಂಡು ಬಾಳಬೇಕಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಇಂತಹ 15 ಮಕ್ಕಳಿಗೆ ವೈದ್ಯರ ಕಣ್ಗಾವಲಿನಲ್ಲಿ ಕ್ಯಾರಲ್ಯೂಮಾ ಸಾರವನ್ನು ಕೆಲವು ವಾರ ಕೊಟ್ಟು ನೋಡಿದರು. ಊಟಕ್ಕಾಗಿ ಅವರ ಹಂಬಲ ತುಸು ತಗ್ಗಿತೆಂದು 2015ರ ವರದಿ ಹೇಳುತ್ತದೆ. ಹದಿನೈದು ಮಕ್ಕಳು ಬಹಳ ಚಿಕ್ಕ ಸಂಖ್ಯೆ. ಅದರಿಂದ ಏನನ್ನೂ ಖಚಿತವಾಗಿ ಹೇಳಲಾಗದು. ಆದರೂ ಪಾವಗಡದ ಗುಡ್ಡಗಳಲ್ಲಿ ಬೆಳೆಯುವ ಕಡ್ಡಿಯೊಂದು ಎಲ್ಲಿಯೋ ಒಬ್ಬ ತಾಯಿಗೆ ಒಂದು ರಾತ್ರಿಯ ನೆಮ್ಮದಿಯನ್ನು ಕೊಡುವುದಾದರೆ, ದೊಡ್ಡಪ್ಪನ ಸೊಂಟಕ್ಕಿಂತ ಅದು ಹೆಚ್ಚಿನ ಕೆಲಸವೇ ಸರಿ.

ಈ ಮನೆಯ ಹುಡುಗಿಗೆ ಅಂತಹ ರೋಗವೇನೂ ಇರಲಿಲ್ಲ. ಅವಳಿಗಿದ್ದುದು ವಯಸ್ಸು. ಮೂಳೆ ಬೆಳೆಯುವ, ರಕ್ತ ಹೆಚ್ಚಬೇಕಾದ ವಯಸ್ಸಿನಲ್ಲಿ ದೇಹವು ಬೇಕಾದುದನ್ನು ಕೇಳುವ ಭಾಷೆ ಹಸಿವೊಂದೇ. ಜಠರವು ಬರಿದಾದಾಗ ಗ್ರೆಲಿನ್ ಎಂಬ ಚೋದಕವನ್ನು ರಕ್ತಕ್ಕೆ ಬಿಟ್ಟು ಮೆದುಳಿಗೆ ಸುದ್ದಿ ಕಳುಹಿಸುತ್ತದೆ ಎಂಬುದು 1999ರಲ್ಲಿ ಗೊತ್ತಾಯಿತು. ಸುದ್ದಿ ಬರುತ್ತದೆ ಎಂಬುದು ಅಜ್ಜಿಗೆ ಮೊದಲೇ ಗೊತ್ತಿತ್ತು. ಅವರು ಬೈಯಲಿಲ್ಲ. ಡಬ್ಬಿಯನ್ನು ತಿರುಗಿಸಿ ಸಣ್ಣ ಅಕ್ಷರಗಳಲ್ಲಿದ್ದುದನ್ನು ಮೊಮ್ಮಗಳಿಂದಲೇ ಗಟ್ಟಿಯಾಗಿ ಓದಿಸಿದರು. ಔಷಧವಾಗಿ ಬಳಸತಕ್ಕದ್ದಲ್ಲ, ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು. “ಔಷಧವೂ ಅಲ್ಲ, ಊಟವೂ ಅಲ್ಲ. ಮತ್ತೆ ಇದೇನೋ?” ಎಂದು ಮಗನನ್ನು ಕೇಳಿದರು. ದೊಡ್ಡಪ್ಪ ಉತ್ತರ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಆರು ಗಂಟೆಗೆ ದೊಡ್ಡಪ್ಪ, ಮಗಳು ಇಬ್ಬರೂ ಲಾಲ್‌ಬಾಗಿನ ಪಶ್ಚಿಮ ದ್ವಾರದ ಕಡೆಗೆ ಹೊರಟಿದ್ದನ್ನು ನೆರೆಯವರು ಕಂಡರು. ಹಿಂದಿರುಗಿದಾಗ ಇಬ್ಬರಿಗೂ ಹಸಿವಾಗಿತ್ತು. ಆ ಹುಡುಗಿ ಮೂರು ಇಡ್ಲಿ ತಿಂದಳು.

ಆ ಚಳಿಗಾಲದ ಒಂದು ಶನಿವಾರ ಮನೆಯವರೆಲ್ಲ ಪಾವಗಡದ ಶನೈಶ್ಚರ ದೇವಸ್ಥಾನಕ್ಕೆ ಹೋದರು. ದರ್ಶನ ಮುಗಿದ ಮೇಲೆ ಅಜ್ಜಿ ತಮ್ಮ ಊರಿನ ಗುಡ್ಡವನ್ನು ನೋಡಬೇಕೆಂದರು. ದಾರಿಯಲ್ಲಿ ಹಲವು ಮೈಲಿ ಉದ್ದಕ್ಕೂ ಸೌರಫಲಕಗಳು ಬಿಸಿಲಿಗೆ ಮುಖವೊಡ್ಡಿ ನಿಂತಿದ್ದವು. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ವಿದ್ಯುತ್ತಿನ ಉದ್ಯಾನವಂತೆ. ಮಳೆ ಬಾರದ ಸೀಮೆಯಲ್ಲಿ ಕಡೆಗೂ ಬಿಸಿಲಿಗೆ ಬೆಲೆ ಬಂದಿತ್ತು. ಗುಡ್ಡದ ಒಂದು ಮಗ್ಗುಲನ್ನು ಕಲ್ಲಿಗಾಗಿ ಕಡಿದಿದ್ದರು. ಇನ್ನೊಂದು ಮಗ್ಗುಲಿನಲ್ಲಿ ಅರ್ಧ ಗಂಟೆ ಹುಡುಕಿದರೂ ಏನೂ ಸಿಗಲಿಲ್ಲ. ಕೊನೆಗೆ ಹುಡುಗಿಯೇ ಒಂದು ಮುಳ್ಳುಪೊದೆಯ ಅಡಿಯಲ್ಲಿ ಬೆರಳಿನಷ್ಟು ದಪ್ಪದ ಐದಾರು ಕಡ್ಡಿಗಳನ್ನು ಕಂಡಳು. ಒಂದು ಕಡ್ಡಿಯ ಮೇಲೆ ಜೋಡಿ ಕಾಯಿ ನೆಟ್ಟಗೆ ನಿಂತಿತ್ತು.

“ಅಜ್ಜಿ, ನಿನ್ನ ಮೊಲದ ಕೊಂಬು!”

ದೊಡ್ಡಪ್ಪ ಬಗ್ಗಿ ಒಂದು ಕಡ್ಡಿಯನ್ನು ಮುರಿಯಲು ಕೈಯಿಟ್ಟರು. ಅಜ್ಜಿ ಅವರ ಕೈ ಹಿಡಿದರು.

“ಹಸಿವೂ ಇದೆ, ಕಾರಿನಲ್ಲಿ ಬುತ್ತಿಯೂ ಇದೆ. ಅದನ್ನೇಕೆ ಮುರೀತೀಯೋ, ಇರಲಿ ಬಿಡು.”

ಪೊದೆಯ ಆಚೆಗೆ, ಬಂಡೆಯ ನೆರಳಿನಲ್ಲಿ ಜಮಖಾನ ಹಾಸಿದರು. ಪುಳಿಯೋಗರೆ ಮತ್ತು ಮೊಸರನ್ನದ ಡಬ್ಬಿಗಳನ್ನು ತೆರೆದಾಗ ಗಂಟೆ ಎರಡಾಗಿತ್ತು.